ಐವತ್ತಾರು ಸ್ಕ್ರೂಗಳ ಪೊಟ್ಟಣ

ಮೆಲ್ಬೋರ್ನ್‌ನಿಂದ ಸ್ಕ್ರೂಗಳ ಪೊಟ್ಟಣ ಬಂದ ದಿನ, ಫಿಜಿಯ ಲೌಟೋಕಾದ ನಮ್ಮ ಟಾರ್ಪಾಲು ಕಾರ್ಖಾನೆಯಲ್ಲಿ ನನ್ನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಖುಷಿಯಾಗಿದ್ದರು. ನಮ್ಮ ಸೇಠ್ ಜಮನಾದಾಸರು ಪೋಸ್ಟಾಫೀಸಿನಿಂದ ಅದನ್ನು ತಾವೇ ಹಿಡಿದುಕೊಂಡು ಬಂದರು. ಕಂದು ಕಾಗದದ ಪೊಟ್ಟಣ, ಮುಷ್ಟಿಗಿಂತ ತುಸು ದೊಡ್ಡದು, ಮೇಲೆ ಅಂಗಡಿಯ ಮುದ್ರೆ. ಅದನ್ನು ನನ್ನ ಕೆಲಸದ ಮೇಜಿನ ಮೇಲಿಟ್ಟು ಬೆನ್ನು ತಟ್ಟಿದರು.

"ತಗೋ ಪರ್ಮಾ, ನಿನ್ನ ಬಿಡುಗಡೆ ಬಂತು. ಐವತ್ತಾರು ಸ್ಕ್ರೂ, ಅಸಲಿ ಮಾಲು. ಇನ್ನು ನೀನಿಲ್ಲದಿದ್ರೂ ನನ್ನ ಮಿಷಿನ್ನು ನಿಲ್ಲಲ್ಲ."

ನಾನು ನಕ್ಕೆ. ಆ ಐವತ್ತಾರರಲ್ಲಿ ಒಂದೂ ನಮ್ಮ ಯಂತ್ರಗಳಿಗೆ ಕೂರುವುದಿಲ್ಲ ಎಂಬುದು ಆ ಕಟ್ಟಡದಲ್ಲಿ ನನಗೆ ಮಾತ್ರ ಗೊತ್ತಿತ್ತು. ಹಾಗೆಂದು ನಾನು ಅಂದುಕೊಂಡಿದ್ದೆ.

ನನ್ನ ಪರಿಸ್ಥಿತಿ ಹೀಗಿತ್ತು. ಹೆಂಡತಿ ಸುಮಿಂತ್ರಾ ಎರಡು ವರ್ಷದ ಹಿಂದೆಯೇ ಆಕ್ಲೆಂಡಿಗೆ ಹೋಗಿ ಒಂದು ಬೇಕರಿಯಲ್ಲಿ ಹಿಟ್ಟು ಕಲಸುತ್ತಿದ್ದಳು. ನನಗೂ ಬರಲು ಸರ್ಕಾರದ ಒಪ್ಪಿಗೆ ಸಿಕ್ಕಿತ್ತು, ಆದರೆ ಮಾರ್ಚ್ ಮೂವತ್ತೊಂದರೊಳಗೆ ಅಲ್ಲಿ ಕಾಲಿಡಬೇಕು, ಕೈಯಲ್ಲಿ ಕೆಲಸದ ಕಾಗದ ಇರಬೇಕು. ಸೇಠ್‌ರ ಹೆಂಡತಿಯ ತಮ್ಮ ಕಾಂತಿಭಾಯಿಗೆ ಅಲ್ಲೊಂದು ವರ್ಕ್‌ಶಾಪ್ ಇತ್ತು. ಅಂಗಡಿಗಳ ಮುಂದೆ ಬಿಸಿಲಿಗೆ ಕಟ್ಟುವ ಕ್ಯಾನ್ವಾಸ್ ಹೊಲಿಯುವುದು ಅವರ ಕಸುಬು. ಭಾವ, ಅಂದರೆ ನಮ್ಮ ಸೇಠ್, ಶಿಫಾರಸಿನ ಕಾಗದಕ್ಕೆ ಸಹಿ ಹಾಕಿದರೆ ನನ್ನನ್ನು ಇಟ್ಟುಕೊಳ್ಳಲು ಅವರು ತಯಾರಿದ್ದರು. ಭಾವನ ಷರತ್ತು ಒಂದೇ.

"ನನ್ನ ಹದಿನಾಲ್ಕು ಮಿಷಿನ್ನೂ ಬೇರೆಯವನ ಕೈಲಿ ಓಡೋ ಹಾಗೆ ಮಾಡಿ, ಒಪ್ಸಿ ಹೋಗು. ಅಲ್ಲೀವರೆಗೆ ಸಹಿ ಕೇಳಬೇಡ."

ಇದರಲ್ಲಿ ಅನ್ಯಾಯವೇನೂ ಇಲ್ಲ ಎಂಬುದೇ ನನ್ನ ಸಂಕಟ. ಪ್ರತಿ ಭಾನುವಾರ ನಾಲ್ಕು ಗಂಟೆಗೆ ನಮ್ಮ ಬೀದಿಯ ಕಿರಾಣಿ ಅಂಗಡಿಯ ಫೋನಿಗೆ ಸುಮಿಂತ್ರಾಳ ಕರೆ ಬರುತ್ತಿತ್ತು. ಹಿಂದೆ ನಾಲ್ಕು ಜನ ತಮ್ಮ ಸರದಿಗೆ ಕಾಯುತ್ತ ನಮ್ಮ ಮಾತು ಕೇಳುತ್ತಿದ್ದರು. ಎರಡು ವರ್ಷ ನಾನು ಹೆಂಡತಿಯನ್ನು ಬರೀ ಕಿವಿಯಿಂದ ಕಂಡೆ. "ಸಹಿ ಆಯ್ತಾ?" ಎಂದು ಕೇಳುವಳು. "ಆಗತ್ತೆ" ಎನ್ನುವೆ. ಆಮೇಲೆ ಫೋನನ್ನು ಹಿಂದಿನವನ ಕೈಗೆ ಕೊಡುವೆ.

ನಾನು ಏನು ಮಾಡಿದ್ದೆ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಮುಚ್ಚಿಟ್ಟು ನನಗೆ ಸಾಕಾಗಿದೆ.

ನಮ್ಮ ಹದಿನಾಲ್ಕು ಹೊಲಿಗೆ ಯಂತ್ರಗಳೂ ನನಗಿಂತ ಹಿರಿಯವು. ಕಪ್ಪು ಎರಕದ ಕಬ್ಬಿಣ. ಒಂದನ್ನು ಎತ್ತಲು ಇಬ್ಬರು ಬೇಕು. ಮೆಲ್ಬೋರ್ನ್‌ನ ಯಾವುದೋ ಡೇರೆ ಕಾರ್ಖಾನೆಯಲ್ಲಿ ದುಡಿದು, ಅದು ಮುಚ್ಚಿದ ಮೇಲೆ ಹಡಗು ಹತ್ತಿ ನಮ್ಮಲ್ಲಿಗೆ ಬಂದಿದ್ದವು. ಅವನ್ನು ಮಾಡಿದ ಕಂಪನಿಯವರಿಗೆ ಒಂದು ಹಟವಿತ್ತು: ಪೇಟೆಯಲ್ಲಿ ಸಿಗುವ ಯಾವ ಸ್ಕ್ರೂವೂ ತಮ್ಮ ಯಂತ್ರಕ್ಕೆ ಹತ್ತಬಾರದು. ಸ್ಕ್ರೂವಿನ ಮೈಮೇಲಿನ ಸುತ್ತುಗಳ ಲೆಕ್ಕವನ್ನೇ ಬೇರೆ ಮಾಡಿಟ್ಟಿದ್ದರು. ಒಂದು ಕಳೆದರೆ ಅವರಿಗೇ ಬರೆಯಬೇಕು. ಕಂಪನಿ ಆ ಯಂತ್ರ ಮಾಡುವುದನ್ನು ನಿಲ್ಲಿಸಿದ ಮೇಲೆ, ಸತ್ತ ಯಂತ್ರಗಳನ್ನು ಬಿಚ್ಚಿ ಮಾರುವ ಮೆಲ್ಬೋರ್ನ್‌ನ ಒಬ್ಬ ಮುದುಕನ ಹತ್ತಿರ ಮಾತ್ರ ಅವು ಉಳಿದವು. ಇಂಥ ಯಂತ್ರಗಳ ನಡುವೆ ಬೆಳೆದವನಿಗೆ ಬುದ್ಧಿ ಹೇಗೆ ಓಡಬೇಕೋ ನನಗೂ ಹಾಗೇ ಓಡಿತು. ಅಷ್ಟು ದೊಡ್ಡ ಕಂಪನಿ ತನ್ನ ಗಿರಾಕಿಯನ್ನು ಕಟ್ಟಿಹಾಕಬಹುದಾದರೆ ನಾನು ನನ್ನ ಸೇಠ್‌ರನ್ನು ಯಾಕೆ ಕಟ್ಟಿಹಾಕಬಾರದು?

ಇದು ಹದಿಮೂರು ವರ್ಷದ ಹಿಂದಿನ ಮಾತು. ನನ್ನ ಜಾಗಕ್ಕೆ ರಾಜಧಾನಿ ಸುವಾದಿಂದ ಕಡಿಮೆ ಸಂಬಳದ ಒಬ್ಬನನ್ನು ತರುವ ಯೋಚನೆ ಸೇಠ್‌ಗೆ ಬಂದಿದೆ ಎಂದು ಕಿವಿಗೆ ಬಿತ್ತು. ಕ್ರಿಸ್‌ಮಸ್ಸಿಗೆ ಕಾರ್ಖಾನೆ ಮೂರು ವಾರ ಮುಚ್ಚುತ್ತದೆ. ಎಣ್ಣೆ ಹಾಕಲೆಂದು ಬೀಗದ ಕೈ ನನ್ನ ಬಳಿ ಇರುತ್ತಿತ್ತು. ಸಕ್ಕರೆ ಗಿರಣಿಯವರು ಗುಜರಿ ಹರಾಜು ಹಾಕಿದಾಗ ನಾನೊಂದು ಮರದ ಪೆಟ್ಟಿಗೆ ತಂದಿದ್ದೆ. ಹಬೆಯ ಒತ್ತಡ ತೋರಿಸುವ ಮೀಟರುಗಳನ್ನು ರಿಪೇರಿ ಮಾಡುವ ಸಾಮಾನು. ಅದರಲ್ಲಿ ಒಂದು ಟ್ಯಾಪು, ಒಂದು ಡೈ. ಟ್ಯಾಪು ತೂತಿನ ಒಳಗೆ ಸುತ್ತು ಕೊರೆಯುತ್ತದೆ. ಡೈ ಅನ್ನುವುದು ನಾಣ್ಯದಷ್ಟಗಲದ ಉಕ್ಕಿನ ಬಿಲ್ಲೆ, ಅದೇ ಸುತ್ತನ್ನು ಕಡ್ಡಿಯ ಮೇಲೆ ಕೊರೆಯುತ್ತದೆ. ಅವುಗಳ ಮೇಲಿನ ನಂಬರು ಅಳಿಸಿಹೋಗಿತ್ತು. ಊರಿನ ಯಾವ ಸ್ಕ್ರೂವೂ ಆ ಸುತ್ತಿಗೆ ಹೊಂದಲಿಲ್ಲ. ಆವತ್ತು ನನಗೆ ಆದ ಸಂತೋಷ ನೆನೆದರೆ ಈಗ ನಾಚಿಕೆಯಾಗುತ್ತದೆ.

ಒಂದೊಂದು ಯಂತ್ರಕ್ಕೆ ನಾಲ್ಕು ತೂತು. ಸೂಜಿ ಇಳಿಯುವ ತಟ್ಟೆಯನ್ನು ಹಿಡಿದಿರುವ ಎರಡು, ಅದರ ಕೆಳಗೆ ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಪಟ್ಟಿಯನ್ನು ಹಿಡಿದಿರುವ ಎರಡು. ಕ್ಯಾನ್ವಾಸಿನ ಧೂಳು ತೆಗೆಯಲು ಪದೇ ಪದೇ ಬಿಚ್ಚಬೇಕಾದವು ಇವೇ, ಬೇಗ ಸವೆಯುವುದೂ ಇವೇ. ಆ ತೂತುಗಳನ್ನು ಒಂದು ಕೂದಲೆಳೆಯಷ್ಟು ದೊಡ್ಡದು ಮಾಡಿ ನನ್ನ ಸುತ್ತನ್ನು ಕೊರೆದೆ. ನನ್ನ ಡೈಯಿಂದ ಸ್ಕ್ರೂ ಮಾಡಿ, ತಲೆಗಳನ್ನು ಹಳೆಯವುಗಳ ಹಾಗೆಯೇ ಅರದಿಂದ ಉಜ್ಜಿ ಕೂರಿಸಿದೆ. ಹೊರಗಿನಿಂದ ನೋಡಿದರೆ ಒಂದಿಷ್ಟೂ ಗೊತ್ತಾಗುತ್ತಿರಲಿಲ್ಲ.

ಜನವರಿಯಲ್ಲಿ ಸುವಾದವನು ಬಂದ. ಮೂರನೆಯ ದಿನ ಸ್ಕ್ರೂಡ್ರೈವರ್ ಬಿಸಾಕಿ ಬಸ್ಸು ಹತ್ತಿದ. ಸೇಠ್ ಮಿಠಾಯಿ ಡಬ್ಬಿ ಹಿಡಿದು ನನ್ನ ಮನೆಗೆ ಬಂದರು. ಆವತ್ತು ಇಡೀ ಫಿಜಿಯಲ್ಲಿ ನನ್ನಷ್ಟು ಜಾಣ ಇನ್ನೊಬ್ಬನಿರಲಿಲ್ಲ.

ಆ ಜಾಣತನದ ರುಚಿ ಆಮೇಲೆ ಗೊತ್ತಾಯಿತು. ಎರಡು ದಿನ ಊರಲ್ಲಿಲ್ಲದಿದ್ದರೆ ಒಂದು ಯಂತ್ರ ನಿಲ್ಲುತ್ತಿತ್ತು, ಬಾಗಿಲಿಗೆ ಟ್ಯಾಕ್ಸಿ ಬರುತ್ತಿತ್ತು. ಅಪ್ಪ ತೀರಿಕೊಂಡು ನಾನು ನಮ್ಮೂರು ಲಂಬಾಸಾಕ್ಕೆ ಹೋದಾಗ ಹದಿಮೂರನೆಯ ದಿನದ ಕಾರ್ಯಕ್ಕೂ ನಿಲ್ಲಲಾಗಲಿಲ್ಲ, ನಾಲ್ಕು ಯಂತ್ರ ಕೆಟ್ಟಿವೆ ಎಂದು ಕರೆಸಿಕೊಂಡರು. ಅಣ್ಣ ಇವತ್ತಿಗೂ ಅದನ್ನು ಎತ್ತಿ ಆಡುತ್ತಾನೆ. ಸೇಠ್ ನನ್ನನ್ನು ತೆಗೆದುಹಾಕಲಾರರು ಎಂಬುದು ನಿಜ. ನನಗೂ ಅಲ್ಲಿಂದ ಕದಲುವ ಹಾಗಿರಲಿಲ್ಲ.

ಪೊಟ್ಟಣದ ಸ್ಕ್ರೂಗಳನ್ನು ಕೂರಿಸುವ ಕೆಲಸ ಅಪಿಸಾಯಿಯದು. ನನ್ನ ಜಾಗಕ್ಕೆ ಬಂದ ಹೊಸ ಮೆಕ್ಯಾನಿಕ್ ಅವನು. ಮೂವತ್ತರ ಆಸುಪಾಸು, ಗಿರಣಿಯ ಗ್ಯಾರೇಜಿನಲ್ಲಿ ದುಡಿದ ಪಳಗಿದ ಕೈ, ರಗ್ಬಿ ಆಡಿ ಮುರಿದುಕೊಂಡ ಮೂಗು. ಮೊದಲ ಯಂತ್ರದ ತಟ್ಟೆಗೆ ಸ್ಕ್ರೂ ಇಟ್ಟು ತಿರುಗಿಸಿದ. ಅದು ತೂತಿನೊಳಗೆ ಗಳಗಳ ಆಡಿತು. ಇನ್ನೊಂದು ಇಟ್ಟ, ಅದೂ ಅಷ್ಟೇ. ಎರಡನೆಯ ಯಂತ್ರಕ್ಕೆ ಹೋದ.

"ಸೇಠ್‌ಜಿ, ಇದು ನಮ್ಮ ಚಿಕ್ಕಪ್ಪನ ಕಟ್ಟಿಸಿದ ಹಲ್ಲಿನ ಥರ ಇದೆ," ಎಂದ. "ಕೂರತ್ತೆ. ಆದ್ರೆ ನಗೋ ಹಾಗಿಲ್ಲ."

ಹೆಂಗಸರು ಕಿಸಕ್ಕನೆ ನಕ್ಕರು. ಸೇಠ್‌ರ ಮುಖ ಕೆಂಪಾಯಿತು.

"ಮೆಲ್ಬೋರ್ನ್‌ನವನು ಟೋಪಿ ಹಾಕಿದ್ನಾ? ಪರ್ಮಾ, ನೀನು ನೋಡು."

ನಾನು ಸ್ಕ್ರೂ ಎತ್ತಿ ಬೆಳಕಿಗೆ ಹಿಡಿದು ನೋಡುವ ನಾಟಕ ಆಡಿದೆ. "ತಪ್ಪು ಸೈಜು ಕಳಿಸಿದಾನೆ, ಸೇಠ್‌ಜಿ," ಎಂದೆ. ಆ ಮುದುಕ ಒಂದೊಂದು ಸ್ಕ್ರೂವನ್ನೂ ಎಣ್ಣೆ ಕಾಗದದಲ್ಲಿ ಸುತ್ತಿ ಕಳಿಸಿದ್ದ. ಒಳಗೊಂದು ಚೀಟಿ ಇಟ್ಟಿದ್ದ: ಇಂಥ ಯಂತ್ರಗಳನ್ನು ಇನ್ನೂ ಓಡಿಸುತ್ತಿರುವವರು ಇದ್ದಾರೆಂದು ತಿಳಿದು ಸಂತೋಷವಾಯಿತು ಎಂದು. ಮುಖ ನೋಡದ ಆ ಮನುಷ್ಯನ ಮೇಲೆ ನಾನು ಸುಮ್ಮನೆ ಗೂಬೆ ಕೂರಿಸಿದೆ.

ಸೇಠ್ ಅಲ್ಲೇ ಕೂತು ಖಾರವಾಗಿ ಒಂದು ಕಾಗದ ಬರೆದು, ಲಕೋಟೆ ಅಂಟಿಸಿ, ಪೋಸ್ಟಿಗೆ ಹಾಕು ಎಂದು ನನ್ನ ಕೈಗೇ ಕೊಟ್ಟರು. ಅದನ್ನು ಜೇಬಿನಲ್ಲಿಟ್ಟುಕೊಂಡು ಪೋಸ್ಟ್ ಡಬ್ಬಿಯ ಮುಂದೆ ಎರಡು ಸಲ ನಡೆದೆ. ಹಾಕಿದರೆ ಮುದುಕ ಜವಾಬು ಬರೆಯುತ್ತಾನೆ: ನನ್ನ ಸ್ಕ್ರೂ ಸರಿಯಾಗಿದೆ, ನಿಮ್ಮ ತೂತು ಅಳೆದು ನೋಡಿ ಎಂದು. ಸೇಠ್‌ಗೆ ನಿಜ ಹೇಳಿದರೆ ಕಾಗದಕ್ಕೆ ಸಹಿ ಇಲ್ಲ. ಹೇಳದಿದ್ದರೆ ಸ್ಕ್ರೂ ಕೂರುವುದಿಲ್ಲ, ಆಗಲೂ ಸಹಿ ಇಲ್ಲ. ಕದ್ದು ಸರಿಮಾಡಿಬಿಡೋಣವೆಂದರೆ ಐವತ್ತಾರು ತೂತಿಗೂ ಹಿತ್ತಾಳೆ ತುಂಬಿ ಅಸಲಿ ಸುತ್ತು ಕೊರೆಯಬೇಕು. ಅದಕ್ಕೆ ಬೇಕಾದ ಟ್ಯಾಪು ನನ್ನಲ್ಲಿಲ್ಲ, ಇದ್ದರೂ ಎರಡು ತಿಂಗಳ ಕೆಲಸ. ಕೈಯಲ್ಲಿ ಇಪ್ಪತ್ತೇಳು ದಿನ ಉಳಿದಿದ್ದವು. ಯಾವ ಕಡೆ ತಿರುಗಿದರೂ ನಾನೇ ಕಟ್ಟಿದ ಗೋಡೆ ಮೂಗಿಗೆ ತಾಗುತ್ತಿತ್ತು.

ಮಾರನೆಯ ದಿನ ಊಟದ ಹೊತ್ತಿಗೆ ರಾಜ್‌ಮತಿ ನನ್ನ ಮೇಜಿನ ಬಳಿ ಬಂದು ಕೂತಳು. ಕಿಟಕಿ ಪಕ್ಕದ ಮೂರನೆಯ ಯಂತ್ರ ಅವಳದು. ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ, ಎಲ್ಲ ಹೆಂಗಸರಿಗೂ ದೀದಿ. ಗಂಡ ಕಬ್ಬಿನ ಲಾರಿ ಉರುಳಿ ತೀರಿಕೊಂಡಿದ್ದ. ರೊಟ್ಟಿ, ಡಬ್ಬಿ ಮೀನಿನ ಪಲ್ಯ ಬಿಚ್ಚಿ ನನ್ನ ಕಡೆಗೂ ಒಂದು ರೊಟ್ಟಿ ತಳ್ಳಿದಳು.

"ಪೋಸ್ಟ್ ಹಾಕಿದ್ಯಾ ಭೈಯಾ?"

"ಹಾಕ್ದೆ."

"ಹಾಗಾದ್ರೆ ಜೇಬಲ್ಲಿ ಇಣುಕ್ತಿರೋದು ಯಾವುದು? ಸುಮಿಂತ್ರಾಗೆ ಪ್ರೇಮಪತ್ರನಾ?"

ನಾನು ಲಕೋಟೆಯನ್ನು ಒಳಕ್ಕೆ ತುರುಕಿದೆ. ಅವಳು ರೊಟ್ಟಿ ಮುರಿಯುತ್ತ ಸಹಜವಾಗಿ ಹೇಳಿದಳು.

"ಹದಿಮೂರು ವರ್ಷದ ಹಿಂದೆ, ಕ್ರಿಸ್‌ಮಸ್ ರಜ ಮುಗಿಸಿ ಬಂದಾಗ ನನ್ನ ಮಿಷಿನ್ನಿನ ಎಣ್ಣೆ ತಟ್ಟೇಲಿ ಕಬ್ಬಿಣದ ಹುಡಿ ಇತ್ತು. ನೀನು ಎಲ್ಲರ ತಟ್ಟೆ ಒರೆಸಿದ್ದೆ, ನನ್ನದನ್ನ ಮಾತ್ರ ಮರೆತಿದ್ದೆ. ನಾನೇ ಒರೆಸ್ದೆ."

ನಾನು ರೊಟ್ಟಿ ಕೆಳಗಿಟ್ಟೆ. ನೀರು ಕುಡಿದೆ.

"ಯಾಕೆ ಯಾರಿಗೂ ಹೇಳ್ಲಿಲ್ಲ?"

"ಮೊದಲು ನಿನ್ನ ಮೇಲೆ ಪಾಪ ಅನ್ನಿಸ್ತು. ಆಮೇಲೆ ನಮ್ಮ ಹೊಟ್ಟೆ ನೋಡ್ಕೊಂಡೆ. ಐದು ವರ್ಷದ ಹಿಂದೆ ನಾಂದಿ ಊರಿನ ನಾಯ್ಡು ಈ ಮಿಷಿನ್ನು ಕೊಳ್ಳಕ್ಕೆ ಬಂದಿದ್ನಲ್ಲ, ನೆನಪಿದ್ಯಾ? ಅವನ ಮೆಕ್ಯಾನಿಕ್ಕು ಸ್ಕ್ರೂ ನೋಡಿ, ಇದಕ್ಕೆ ಬಿಡಿಭಾಗ ಸಿಗಲ್ಲ, ಬೇಡ ಅಂದ. ಸೇಠ್‌ಗೆ ಮಾರಕ್ಕಾಗ್ಲಿಲ್ಲ. ಹದಿನಾಲ್ಕು ಮನೇಲಿ ಒಲೆ ಉರೀತಿರೋದು ನಿನ್ನ ಕಳ್ಳ ಕೆಲಸದಿಂದ. ಈಗ ಅದನ್ನ ಸರಿಮಾಡಕ್ಕೆ ಹೋಗಬೇಡ."

"ಹಾಗಾದ್ರೆ ನಾನೇನು ಇಲ್ಲೇ ಸಾಯಬೇಕಾ?"

"ಸಾಯಿ ಅಂತ ಯಾರಂದ್ರು? ಐವತ್ತಾರು ಸ್ಕ್ರೂ ಹೊಸದಾಗಿ ಮಾಡು. ಮೆಲ್ಬೋರ್ನ್ ಕಾಗದದಲ್ಲೇ ಸುತ್ತಿ, ತಪ್ಪು ತಿದ್ದಿ ಎರಡನೇ ಪೊಟ್ಟಣ ಕಳಿಸಿದಾನೆ ಅನ್ನು. ಅಪಿಸಾಯಿ ಕೂರಿಸ್ತಾನೆ, ಸೇಠ್ ಸಹಿ ಹಾಕ್ತಾರೆ, ನೀನು ವಿಮಾನ ಹತ್ತು. ಆದ್ರೆ ಆ ಬಿಲ್ಲೆ ನಂಗೆ ಕೊಟ್ಟು ಹೋಗು. ಸ್ಕ್ರೂ ಸವೆದಾಗ ನಾನು ಮಾಡಿ ಕೊಡ್ತೀನಿ. ಮಿಷಿನ್ನು ಇಲ್ಲೇ ಇರತ್ತೆ, ನಾವೂ ಇರ್ತೀವಿ."

ರಾತ್ರಿಯಿಡೀ ಯೋಚಿಸಿದರೂ ನನ್ನ ತಲೆಗೆ ಹೊಳೆಯದಿದ್ದದ್ದು ಅವಳಿಗೆ ಒಂದು ರೊಟ್ಟಿ ಮುಗಿಯುವುದರೊಳಗೆ ಹೊಳೆದಿತ್ತು.

ಹನ್ನೆರಡು ದಿನ ನಮ್ಮ ಮನೆಯ ಜಗಲಿಯಲ್ಲಿ ಕೆಲಸ ನಡೆಯಿತು. ನಾನು ಉಕ್ಕಿನ ಕಡ್ಡಿ ಹಿಡಿದು ಡೈ ತಿರುಗಿಸುವೆ, ಅವಳು ಗರಗಸದಲ್ಲಿ ತಲೆಗೆ ಗೀರು ಹಾಕುವಳು. ಆಮೇಲೆ ಕಾಸಿ, ಹಳೆ ಎಣ್ಣೆಯಲ್ಲಿ ಅದ್ದಿದರೆ ಕಪ್ಪು ಬಣ್ಣ ಹಿಡಿದು ಐವತ್ತು ವರ್ಷದ ಸ್ಕ್ರೂವಿನ ಹಾಗೆ ಕಾಣುತ್ತಿತ್ತು. ನಾಲ್ಕನೆಯ ದಿನಕ್ಕೆ ಡೈಯನ್ನೂ ಅವಳೇ ತಿರುಗಿಸತೊಡಗಿದಳು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಒಂದು ತೊಟ್ಟು ಎಣ್ಣೆ. ಒಂದು ದಿನ ಕೇಳಿದೆ.

"ರಾಜ್‌ಮತಿ, ಇದು ಸಣ್ಣ ವಿಷಯ ಅಲ್ಲ. ಈ ಬಿಲ್ಲೆ ಇಟ್ಕೊಂಡವರು ಮತ್ತೆ ಎಲ್ಲಿಗೂ ಹೋಗೋ ಹಾಗಿರಲ್ಲ. ನನ್ನ ನೋಡು."

"ನಾನೆಲ್ಲಿಗೆ ಹೋಗ್ಲಿ ಭೈಯಾ? ಕರೆಸ್ಕೊಳ್ಳೋರು ಯಾರಿದಾರೆ ನಂಗೆ?" ಅವಳು ಸ್ಕ್ರೂ ಎತ್ತಿ ಊದಿದಳು. "ಇಪ್ಪತ್ತು ವರ್ಷದಲ್ಲಿ ಸೇಠ್ ನನ್ನ ಹೆಸರು ಹಿಡಿದು ಕರೆದಿಲ್ಲ, ಮೂರನೇ ನಂಬರು ಅಂತಾರೆ. ಇನ್ಮೇಲೆ ಹೆಸರು ಕಲೀಬೇಕಾಗತ್ತೆ."

ಅವಳು ಮಾಡಿದ ಸ್ಕ್ರೂಗಳ ತಲೆಗಳು ನನ್ನವಕ್ಕಿಂತ ನುಣುಪಾಗಿದ್ದವು. ಅದನ್ನು ಅವಳಿಗೆ ಹೇಳಲು ನನ್ನ ನಾಲಿಗೆ ಏಳಲಿಲ್ಲ.

ಎರಡನೆಯ ಪೊಟ್ಟಣವನ್ನು ಅದೇ ಕಂದು ಕಾಗದದಲ್ಲಿ ಕಟ್ಟಿ, ಬಂತು ಎಂದು ಸೇಠ್‌ರ ಮುಂದಿಟ್ಟೆ. ಅಪಿಸಾಯಿ ಸಂಜೆಯೊಳಗೆ ಐವತ್ತಾರನ್ನೂ ಕೂರಿಸಿದ. ಕಡೆಯದನ್ನು ಬಿಗಿ ಮಾಡಿ ನನ್ನ ಕಡೆ ತಿರುಗಿ, "ಈಗ ಚಿಕ್ಕಪ್ಪ ನಗಬಹುದು," ಎಂದ. ಹದಿನಾಲ್ಕು ಯಂತ್ರಗಳೂ ಒಟ್ಟಿಗೆ ಓಡಿದವು. ಸೇಠ್ ಎಲ್ಲರಿಗೂ ಚಾ ತರಿಸಿದರು.

"ನಾಳೆ ಹತ್ತು ಗಂಟೆಗೆ ಬಾ ಪರ್ಮಾ. ಸಹಿ ಹಾಕಿ ಕೊಡ್ತೀನಿ."

ಮರುದಿನ ಹತ್ತು ಗಂಟೆಗೆ ಹೋದರೆ ಅಂಗಳದಲ್ಲಿ ಬಿಳಿ ಕಾರು ನಿಂತಿತ್ತು. ಒಳಗೆ ಸೇಠ್‌ರ ಪಕ್ಕದಲ್ಲಿ ನಾಂದಿಯ ನಾಯ್ಡು. ಹೋಟೆಲುಗಳಿಗೆ ಡೇರೆ, ಚಪ್ಪರ ಹೊಲಿದು ಕೊಡುವ ದೊಡ್ಡ ಕುಳ. ಐದು ವರ್ಷದಲ್ಲಿ ಇನ್ನಷ್ಟು ದಪ್ಪಗಾಗಿದ್ದ. ಜೊತೆಗೆ ಅದೇ ನರೆತ ತಲೆಯ ಮೆಕ್ಯಾನಿಕ್. ಸೇಠ್ ಮದುವೆ ಮನೆಯ ಯಜಮಾನನ ಹಾಗೆ ಓಡಾಡುತ್ತಿದ್ದರು.

"ಹೋದ ಸಲ ಬಿಡಿಭಾಗ ಸಿಗಲ್ಲ ಅಂತ ಓಡಿಹೋದ್ರಲ್ಲ ನಾಯ್ಡು ಸಾಹೇಬ್ರೇ, ಈಗ ನೋಡ್ಕೊಳಿ. ಮೆಲ್ಬೋರ್ನ್‌ನಿಂದ ಅಸಲಿ ಮಾಲು, ಎರಡು ವಾರದಲ್ಲಿ ಮನೆ ಬಾಗಿಲಿಗೆ."

ಯಂತ್ರಗಳು ಇಲ್ಲೇ ಉಳಿಯಲಿ ಎಂದು ಮಾಡಿದ ಸ್ಕ್ರೂಗಳೇ ಅವನ್ನು ಮಾರಾಟಕ್ಕೆ ಯೋಗ್ಯ ಮಾಡಿಕೊಟ್ಟಿದ್ದವು. ನನಗಾಗಲಿ ರಾಜ್‌ಮತಿಗಾಗಲಿ ಇದು ಹೊಳೆದೇ ಇರಲಿಲ್ಲ.

ಮೆಕ್ಯಾನಿಕ್ ಮೂರನೆಯ ಯಂತ್ರದ ತಟ್ಟೆಯಿಂದ ಒಂದು ಸ್ಕ್ರೂ ಬಿಚ್ಚಿ, ಭೂತಗನ್ನಡಿ ಹಿಡಿದು, ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ. ರಾಜ್‌ಮತಿಯ ಯಂತ್ರ ಅದು. ಅವಳು ಚಕ್ರದ ಮೇಲೆ ಕೈಯಿಟ್ಟು ಹಾಗೇ ಕೂತಿದ್ದಳು. ಉಳಿದ ಹೆಂಗಸರೂ ಹೊಲಿಗೆ ನಿಲ್ಲಿಸಿದರು.

"ಕೆಲಸ ಚೆನ್ನಾಗಿದೆ," ಎಂದ ಮೆಕ್ಯಾನಿಕ್. "ಆದ್ರೆ ಹೋದ ಸಲ ನೋಡಿದ್ದೂ ಇದೇ ಥರ ಇತ್ತು. ಇದು ನಿಜವಾಗ್ಲೂ ಮೆಲ್ಬೋರ್ನ್‌ದಾ?"

"ಪರ್ಮಾ, ಹೇಳು ಅವರಿಗೆ," ಎಂದರು ಸೇಠ್. ನನ್ನ ಕಾಗದ ಅವರ ಮೇಜಿನ ಮೇಲಿತ್ತು. ಅದರ ಮೇಲೆ ಮುಚ್ಚಳ ತೆಗೆದ ಪೆನ್ನು.

ಇಲ್ಲ ಎಂದರೆ ಸಾಕಿತ್ತು. ನಾಯ್ಡು ಕಾರು ಹತ್ತುತ್ತಿದ್ದ, ಹದಿನಾಲ್ಕು ಜನರ ಕೆಲಸ ಉಳಿಯುತ್ತಿತ್ತು. ನಾನೂ ಉಳಿಯುತ್ತಿದ್ದೆ, ಸಾಯುವ ತನಕ. ರಾಜ್‌ಮತಿ ನನ್ನನ್ನೇ ನೋಡುತ್ತಿದ್ದಳು. ಬೇಡುತ್ತಿರಲಿಲ್ಲ, ಬರೀ ನೋಡುತ್ತಿದ್ದಳು. ಆ ಗಳಿಗೆಯಲ್ಲಿ ಸುಮಿಂತ್ರಾಳ ಮುಖ ಕಣ್ಣ ಮುಂದೆ ಬಂತು ಎಂದು ಹೇಳಿದರೆ ನನ್ನ ಮಾನ ಸ್ವಲ್ಪ ಉಳಿಯುತ್ತದೆ. ಅದು ಸುಳ್ಳು. ನನ್ನ ಕಣ್ಣಿದ್ದದ್ದು ಆ ಪೆನ್ನಿನ ಮೇಲೆ.

"ಮೆಲ್ಬೋರ್ನ್‌ದೇ," ಎಂದೆ.

ಶನಿವಾರ ಲಾರಿ ಬಂತು. ಹೆಂಗಸರು ತಮ್ಮ ತಮ್ಮ ಯಂತ್ರದ ಮೇಲೆ ಹೊದಿಸಿದ್ದ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. ರಾಜ್‌ಮತಿ ಗೇಟಿನ ಬಳಿ ನಿಂತಿದ್ದಳು. ತಲೆಗೆ ಹೊದ್ದ ಓಢ್ನಿಯ ತುದಿಯ ಗಂಟಿನಲ್ಲಿ ಡೈ ಇತ್ತು, ಅದರ ದುಂಡು ಆಕಾರ ಬಟ್ಟೆಯ ಮೇಲೆ ಕಾಣುತ್ತಿತ್ತು.

"ಇದನ್ನ ವಾಪಸ್ ಕೇಳ್ತೀಯಾ?"

"ಬೇಡ."

"ಸುಮಿಂತ್ರಾಗೆ ನಮಸ್ತೆ ಹೇಳು," ಎಂದು ಅವಳು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಬಾಯಿಗೆ ಬಂದ ಹಾಗೆ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅಷ್ಟು ಉಪಕಾರವನ್ನೂ ಅವಳು ಮಾಡಲಿಲ್ಲ.

ಆಕ್ಲೆಂಡಿನಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಸುಮಿಂತ್ರಾಳ ಕೈಗೆ ಹುದುಗಿದ ಹಿಟ್ಟಿನ ವಾಸನೆ ಬಂದಿತ್ತು, ಅದು ನನಗೆ ಇಷ್ಟವಾಯಿತು. ಕಾಂತಿಭಾಯಿಯ ಯಂತ್ರಗಳು ಹೊಸವು. ಒಂದು ಡಬ್ಬಿ ತುಂಬ ಸ್ಕ್ರೂ, ಯಾವುದನ್ನು ಎತ್ತಿಕೊಂಡರೂ ಯಾವ ತೂತಿಗಾದರೂ ಕೂರುತ್ತಿತ್ತು. ಆದರೆ ವರ್ಕ್‌ಶಾಪಿನಲ್ಲಿ ಫೋನು ಹೊಡೆದುಕೊಂಡಾಗಲೆಲ್ಲ ನಾನು ಕೈಯ ಕೆಲಸ ಬಿಟ್ಟು ಅತ್ತ ತಿರುಗುತ್ತಿದ್ದೆ. ಆ ಸ್ಕ್ರೂಗಳು ಸವೆಯಲು ಎಷ್ಟು ದಿನ ಬೇಕೆಂದು ನನ್ನಷ್ಟು ಚೆನ್ನಾಗಿ ಬಲ್ಲವರು ಯಾರು? "ರೀ, ಊರು ಬಿಟ್ಟು ಬಂದ್ರೂ ನೀವಿನ್ನೂ ಬಂದೇ ಇಲ್ಲ," ಎಂದಳು ಸುಮಿಂತ್ರಾ ಒಂದು ದಿನ. ಅವಳಿಗೂ ನಾನು ಏನೂ ಹೇಳಿರಲಿಲ್ಲ.

ಆಕ್ಲೆಂಡಿನ ಜುಲೈ ಚಳಿಯಲ್ಲಿ ಆ ಫೋನು ಬಂತು. ಕಾಂತಿಭಾಯಿ ಚಾ ಲೋಟ ಹಿಡಿದುಕೊಂಡೇ ರಿಸೀವರನ್ನು ನನ್ನ ಕೈಗೆ ಕೊಟ್ಟರು. "ಫಿಜಿಯಿಂದ. ನಾಯ್ಡು ಅಂತೆ."

"ಪರ್ಮಾನಂದ್, ನನ್ನ ಐದು ಮಿಷಿನ್ನು ನಿಂತಿದೆ," ಎಂದ ನಾಯ್ಡು. "ಮೆಲ್ಬೋರ್ನ್‌ನಿಂದ ತರಿಸಿದ್ದು ಗಳಗಳ ಅನ್ನತ್ತೆ. ಎರಡನೇ ಪೊಟ್ಟಣ ನಾನು ಕಳಿಸೇ ಇಲ್ಲ ಅಂತಾನೆ ಆ ಮುದುಕ. ಅಪಿಸಾಯಿಯನ್ನ ಕೇಳಿದ್ರೆ, ರಾಜ್‌ಮತಿ ಅನ್ನೋ ಹೆಂಗಸು ದಿನಾ ನಿನ್ನ ಮನೆಗೆ ಬರ್ತಿದ್ಲು, ಅವಳಿಗೆ ಗೊತ್ತಿರಬಹುದು ಅಂದ. ಅವಳ ಮನೆಗೂ ಹೋಗಿದ್ದೆ. ಒಂದು ಬಿಲ್ಲೆ ಇತ್ತಂತೆ, ಲೌಟೋಕಾ ಬಂದರಿನಲ್ಲಿ ಸಮುದ್ರಕ್ಕೆ ಎಸೆದೆ ಅಂದ್ಲು."

ಆ ಕಡೆಯಿಂದ ನಾಯ್ಡು ದನಿ ತಗ್ಗಿಸಿದ.

"ನೋಡು, ಹಿಂದಿನದೆಲ್ಲ ನಂಗೆ ಬೇಡ. ಎರಡು ವಾರ ಬಂದು ಹೋಗು. ಬೇಕಾದಷ್ಟು ಮಾಡಿ ಕೊಡು. ನಿನ್ನ ಹೊಸ ಸೇಠ್‌ಗೆ ನಾನು ಬೇರೆ ಏನಾದ್ರೂ ಕಾರಣ ಹೇಳ್ತೀನಿ. ಆಮೇಲೂ ಆಗಾಗ ಬಂದ್ರೆ ಆಯ್ತು."

ಆಗಾಗ ಬಂದರೆ ಆಯ್ತು. ಆ ಮಾತು ಕೇಳಿ ಕುತ್ತಿಗೆಗೆ ಮತ್ತೆ ಹಗ್ಗ ಬಿದ್ದಂತೆ ಅನ್ನಿಸಿತು. ಕಾಂತಿಭಾಯಿ ಎರಡು ಮಾರು ದೂರದಲ್ಲಿ ಚಾ ಕುಡಿಯುತ್ತಿದ್ದರು. ಒಂದು ಸುಳ್ಳು ಹೇಳಿದ್ದರೆ ಅವರಿಗೆ ಏನೂ ತಿಳಿಯುತ್ತಿರಲಿಲ್ಲ. ನಾನು ರಾಜ್‌ಮತಿಯನ್ನು ಯೋಚಿಸುತ್ತಿದ್ದೆ. ಖಾಲಿಯಾದ ದಾರದುಂಡೆಯ ಕೊಳವೆಯನ್ನೂ ಎಸೆಯದೆ ಡ್ರಾಯರಿನಲ್ಲಿ ಜೋಡಿಸಿಡುತ್ತಿದ್ದವಳು ಅವಳು.

"ಅವಳು ಎಸೆದಿಲ್ಲ ನಾಯ್ಡು ಸಾಹೇಬ್ರೇ," ಎಂದೆ. "ನೀವು ಹೋಗಿ ಸ್ಕ್ರೂ ಕೇಳಿದ್ರಿ. ಕೆಲಸ ಕೊಡ್ತೀನಿ ಅಂದ್ರಾ?"

"ಏನಂದೆ?"

"ಇನ್ನೊಮ್ಮೆ ಹೋಗಿ. ಅವಳಿಗೂ ಉಳಿದ ಹದಿಮೂರು ಜನಕ್ಕೂ ಅದೇ ಮಿಷಿನ್ನುಗಳ ಮೇಲೆ ಕೆಲಸ ಕೊಡ್ತೀನಿ ಅನ್ನಿ. ಲೌಟೋಕಾದಿಂದ ನಾಂದಿಗೆ ಬಸ್ಸಿದೆ. ಆಗ ಬಿಲ್ಲೆ ಸಮುದ್ರದಿಂದ ಮೇಲೆ ಬರತ್ತೆ. ನನ್ನ ಕರೀಬೇಡಿ, ನನ್ನ ಹತ್ರ ಅದು ಇಲ್ಲ. ಸ್ಕ್ರೂ ಮಾಡೋದ್ರಲ್ಲಿ ನನಗಿಂತ ಅವಳ ಕೈಯೇ ಮೇಲು."

"ಹಾಗಾದ್ರೆ ಆ ಪೊಟ್ಟಣ?"

"ನಾವೇ ಮಾಡಿದ್ದು. ಹದಿಮೂರು ವರ್ಷದ ಹಿಂದೆ ಆ ಐವತ್ತಾರು ತೂತನ್ನೂ ಕೆಡಿಸಿ ಬೇರೆ ಸುತ್ತು ಕೊರೆದವನು ನಾನು, ನನ್ನ ಕೆಲಸ ಉಳಿಸ್ಕೊಳ್ಳಕ್ಕೆ. ಮೆಲ್ಬೋರ್ನ್‌ನವನು ಯಾವ ತಪ್ಪೂ ಮಾಡಿಲ್ಲ, ಅವನಿಗೆ ಬೈದು ಬರೀಬೇಡಿ."

"ನೋಡ್ತೀನಿ," ಎಂದು ನಾಯ್ಡು ಫೋನಿಟ್ಟ.

ತಿರುಗಿದರೆ ಕಾಂತಿಭಾಯಿ ಚಾ ಲೋಟ ಕೆಳಗಿಟ್ಟಿದ್ದರು. ಅವರು ಕೂಗಾಡುತ್ತಾರೆ, ಹೊರಗೆ ಹೋಗು ಎನ್ನುತ್ತಾರೆ, ಭಾವನಿಗೆ ಫೋನು ಮಾಡುತ್ತಾರೆ ಎಂದು ಕಾದೆ. ಅವರು ಯಾವುದನ್ನೂ ಮಾಡಲಿಲ್ಲ. ನನ್ನ ಬೆನ್ನ ಹಿಂದೆ ಸಾಲಾಗಿ ನಿಂತಿದ್ದ ತಮ್ಮ ಯಂತ್ರಗಳನ್ನು ಒಂದು ಕಡೆಯಿಂದ ನೋಡಿದರು.

"ಇವನ್ನ ಮುಟ್ಟಿದೀಯಾ?" ಎಂದು ಕೇಳಿದರು.

"ಇಲ್ಲ."

ಅವರು ನಂಬಲಿಲ್ಲ. ಸ್ಕ್ರೂಡ್ರೈವರ್ ತೆಗೆದುಕೊಂಡು, ಮೊದಲ ಯಂತ್ರದ ಮುಂದೆ ಬಗ್ಗಿ, ತಟ್ಟೆಯ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು. ನಾನು ಅಂಗೈ ಚಾಚಿ ಅವನ್ನು ಹಿಡಿದುಕೊಳ್ಳುತ್ತ ಅವರ ಹಿಂದೆ ನಿಂತೆ. ಇನ್ನೂ ಹನ್ನೊಂದು ಯಂತ್ರಗಳು ಬಾಕಿ ಇದ್ದವು.